ಮಾಳಿಗೆ ಹೋಟೆಲಿನ ದಾನಮ್ಮ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಚಿತ್ತಾಪುರದ ಕೋರ್ಟಿನ ಎದುರು ಹೋಟೆಲ್ ನಡೆಸುವ ದಾನಮ್ಮನನ್ನು ನೋಡಿದರೆ ಆ ಗಾದೆಯ ಇನ್ನೊಂದು ಮಗ್ಗಲು ತಿಳಿಯುತ್ತದೆ. ಹಾಲು ಒಡೆದೀತೆಂದು ಅವಳಿಗೆ ಚಿಂತೆ. ಒಡೆಯದಿದ್ದರೆ ಹಾಲಿನವನು ಅದರಲ್ಲಿ ಏನು ಬೆರೆಸಿದ್ದಾನೋ ಎಂದು ಚಿಂತೆ. ಗ್ಯಾಸ್ ಸಿಲಿಂಡರ್ ಸೋರೀತು, ರೊಟ್ಟಿ ಬಡಿಯುವ ಹೆಂಗಸರು ನಾಳೆ ಬರಲಿಕ್ಕಿಲ್ಲ, ಕೋರ್ಟನ್ನು ಊರಾಚೆಗೆ ಸಾಗಿಸಿಬಿಟ್ಟಾರು, ಹೀಗೆ ಒಂದು ಮುಗಿದರೆ ಇನ್ನೊಂದು. ನಾನು ಒಮ್ಮೆ ಊಟದ ನಡುವೆ ಕೆಮ್ಮಿದೆನೆಂದು ಪಲ್ಯದ ಬೋಗುಣಿಯನ್ನೇ ಒಳಗೆ ತೆಗೆದುಕೊಂಡು ಹೋಗಿ ಕಲ್ಲು ಹುಡುಕಿದವಳು ಅವಳು. ನನಗೆ ಬರೀ ನೆಗಡಿಯಾಗಿತ್ತು.

ನಾನು ಲಕ್ಷ್ಮಿಕಾಂತ. ಕೋರ್ಟಿನ ಕಾಂಪೌಂಡ್ ಗೋಡೆಗೆ ಆನಿಸಿ ಹಾಕಿದ ಮೇಜಿನ ಮುಂದೆ ಕೂತು ಅರ್ಜಿ, ಬಾಂಡು, ಅಫಿಡವಿಟ್ಟು ಬರೆದುಕೊಡುತ್ತೇನೆ. ಹೆಂಡತಿ ಕಟ್ಟಿಕೊಡುವ ಡಬ್ಬಿ ಇದ್ದರೂ ಮಧ್ಯಾಹ್ನ ದಾನಮ್ಮನ ಹೋಟೆಲಿಗೇ ಹೋಗುತ್ತೇನೆ. ಇದು ಹೆಂಡತಿಗೂ ಗೊತ್ತು, ಆಕೆ ಡಬ್ಬಿ ಕಟ್ಟುವುದನ್ನೂ ಬಿಟ್ಟಿಲ್ಲ, ನನ್ನನ್ನು ಬೈಯುವುದನ್ನೂ ಬಿಟ್ಟಿಲ್ಲ.

ಹೋಟೆಲಿನ ಬೋರ್ಡಿನ ಮೇಲೆ ಬಸವಪ್ರಸಾದ ಎಂದು ಬರೆದಿದೆ. ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಶಹಾಬಾದಿನಿಂದ ಸೇಡಂವರೆಗೆ ಕೋರ್ಟು ಕಚೇರಿ ಅಲೆದವರಿಗೆಲ್ಲ ಅದು ಮಾಳಿಗೆ ಹೋಟೆಲ್. ನಿಜಾಮನ ಕಾಲದಲ್ಲಿ ದಾನಮ್ಮನ ಮಾವನ ತಂದೆ ಕಟ್ಟಿಸಿದ್ದು. ಉದ್ದನೆಯ ಒಂದು ಪಡಸಾಲೆ, ಸಾಗುವಾನಿ ಕಂಬಗಳು, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಶಹಾಬಾದಿನ ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು. ಈ ಮಣ್ಣಿನ ಚಾವಣಿಗೇ ನಮ್ಮ ಕಡೆ ಮಾಳಿಗೆ ಅನ್ನುತ್ತಾರೆ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗುವ ದಿನಗಳಲ್ಲೂ ಒಳಗೆ ಕಾಲಿಟ್ಟರೆ ತಂಪು. ಕೋರ್ಟಿನಲ್ಲಿ ನ್ಯಾಯ ತಡವಾದರೂ ಎದುರಿಗೆ ನೆರಳು ತಕ್ಷಣ ಸಿಗುತ್ತದೆ ಎಂದು ವಕೀಲರೇ ನಗೆಯಾಡುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರದ ಗಾಜಿನ ಹೋಟೆಲುಗಳಲ್ಲಿ ಎಸಿ ಇದೆ, ಕರೆಂಟ್ ಇದ್ದಾಗ.

ಆ ತಂಪಿನ ಗುಟ್ಟು ಮೇಲಿನ ಮಣ್ಣು. ನಮ್ಮ ಕಡೆ ಮಾಳಿಗೆ ಮನೆ ಇದ್ದವರು ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಬೀಳುವ ಮುಂಚೆ ಮೇಲೊಂದು ಪದರ ಸವಳು ಮಣ್ಣು ಹರಡಿ, ನೀರು ಚಿಮುಕಿಸಿ, ಬಡಿದು ಕೂಡಿಸುತ್ತಾರೆ. ಆ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ದಾನಮ್ಮ ಮದುವೆಯಾಗಿ ಬಂದ ವರ್ಷವೇ ಸೀರೆ ಕಚ್ಚೆ ಕಟ್ಟಿ ಏಣಿ ಹತ್ತಿದವಳು. ಗಂಡ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ. ಅವಳ ಅತ್ತೆ ಗುರುದೇವಿ ಹಾಸಿಗೆ ಹಿಡಿದಾಗ ಸೊಸೆಯನ್ನು ಕರೆದು ಹೇಳಿದ ಮಾತು ಊರಿಗೆಲ್ಲ ಗೊತ್ತು.

"ಮಾಳಿಗಿಗಿ ಮಣ್ಣ ಏರಸೋದು ಒಂದ ವರ್ಷ ಸೈತ ಬಿಡಬ್ಯಾಡ. ಏರಿಸಿದ್ದು ಇಳಸಬ್ಯಾಡ. ಮನಿ ಮುರಿಯೋರು ಅಷ್ಟೇ ಮಣ್ಣ ಇಳಸ್ತಾರ."

ಹೀಗಾಗಿ ಜಗತ್ತಿನ ಎಲ್ಲದಕ್ಕೂ ಹೆದರುವ ದಾನಮ್ಮನಿಗೆ ಮಾಳಿಗೆಯೊಂದರ ಚಿಂತೆ ಇರಲಿಲ್ಲ. ಅಷ್ಟು ಜೋಪಾನ ಮಾಡಿದ್ದು ಕೈ ಕೊಡುತ್ತದೆಂದು ಯಾರು ತಾನೆ ಅಂದುಕೊಳ್ಳುತ್ತಾರೆ?

ಹೋಟೆಲನ್ನು ರಿಪೇರಿ ಮಾಡಿಸುವ ಮಾತು ತೆಗೆದವನು ಅವಳ ತಮ್ಮನ ಮಗ ಸಿದ್ದಲಿಂಗೇಶ. ಕಲಬುರಗಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಾನೆ, ಸಿವಿಲ್ ಡಿಪ್ಲೊಮಾ ಮಾಡಿದ್ದಾನೆ. ಮೊದಲು ಬಂದಾಗ ಎಲ್ಲ ಕೆಡವಿ ಸ್ಲ್ಯಾಬ್ ಹಾಕೋಣ ಎಂದ. ದಾನಮ್ಮ ಆ ದಿನ ಅವನಿಗೆ ಊಟ ಬಡಿಸಿ ತಾನು ಉಣ್ಣಲಿಲ್ಲ. ಮಾರನೆಯ ದಿನವೂ ಉಣ್ಣಲಿಲ್ಲ. ಅವನು ಸುಮ್ಮನಾದ. ಆಮೇಲೆ ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಹೋದವನು ಅಲ್ಲಿ ಹೊಸದಾಗಿ ಕಟ್ಟಿ ಹಳೆಯದರಂತೆ ಕಾಣಿಸಿದ್ದ ಹೋಟೆಲೊಂದನ್ನು ನೋಡಿದ. ಸುಳ್ಳು ಕಂಬ, ಸುಳ್ಳು ತೊಲೆ, ಒಳಗೆ ಜನವೋ ಜನ. ವಾಪಸ್ ಬಂದವನೇ ದಾನಮ್ಮನ ಕಾಲ ಬಳಿ ಕೂತ.

"ಅತ್ತಿ, ಮಂದಿ ಸುಳ್ಳ ಕಂಬ ಮಾಡಿಸ್ಲಾಕತ್ತಾರ. ನಿನ್ನ ಹಂತೇಲಿ ಖರೇ ಕಂಬ ಅವ. ಒಂದೂ ತೆಗಿಯಲ್ಲ. ಎಲ್ಲಾ ಇದ್ದಂಗ ಇಟ್ಟು ಸುದ್ದ ಮಾಡ್ತೀನಿ."

ದಾನಮ್ಮನಿಗೆ ಇದರಿಂದ ಸಂತೋಷವಾಗಲಿಲ್ಲ, ಹೊಸ ಚಿಂತೆ ಹತ್ತಿತು. ರಿಪೇರಿ ಮಾಡಿಸದಿದ್ದರೆ ಗಿರಾಕಿಗಳು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಾರೆ, ಮಾಡಿಸಿದರೆ ಇದು ನಮ್ಮ ಹೋಟೆಲಲ್ಲ ಎಂದುಕೊಂಡು ಹೋಗುತ್ತಾರೆ. ನನ್ನ ಮೇಜಿನ ಮುಂದೆ ನಿಂತು ಕೇಳಿದಳು.

"ರೈಟರ್ ಸಾಹೇಬ್ರ, ನೀವರ ಹೇಳ್ರಿ. ಮುಖ ತೊಳದ್ರ ಗುರ್ತ ಹೋಗ್ತದೇನು?"

ಹೊಲಸು ಮುಖಕ್ಕಿಂತ ತೊಳೆದ ಮುಖದ ಗುರುತು ಬೇಗ ಸಿಗುತ್ತದೆ ಎಂದೆ. ಅವಳಿಗೆ ಪೂರಾ ನಂಬಿಕೆ ಬರಲಿಲ್ಲ. ಕೊನೆಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಕಂಬಕ್ಕ ಎಣ್ಣಿ ಹಚ್ಚು, ನೆಲದ ಕಲ್ಲ ಎಬ್ಬಿಸಿ ಮತ್ತ ಕೂಡಸು, ಅಡಗಿಮನಿ ಬೇಕಾರ ಹೊಸದು ಮಾಡು. ಮಾಳಿಗಿಗಿ ಮಾತ್ರ ಕೈ ಹಚ್ಚಬ್ಯಾಡ. ಅದು ನಂದು."

ಬೇಸಿಗೆ ರಜೆಗೆ ಸಿವಿಲ್ ಕೋರ್ಟು ಮುಚ್ಚಿದಾಗ ಹೋಟೆಲೂ ಮುಚ್ಚಿತು. ನನಗೆ ಹೆಂಡತಿಯ ಡಬ್ಬಿಯೇ ಗತಿಯಾಯಿತು. ಬಾಯಿ ಸಪ್ಪೆಯಾದಾಗಲೆಲ್ಲ ಕೆಲಸ ನೋಡಲು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಸಿದ್ದಲಿಂಗೇಶ ಚೆನ್ನಾಗಿ ಮಾಡಿಸಿದ. ಕಂಬಗಳಿಗೆ ಬಳಿದಿದ್ದ ಹಸಿರು, ನೀಲಿ, ಚಾಕಲೇಟ್ ಬಣ್ಣಗಳನ್ನೆಲ್ಲ ಕೆರೆದು ತೆಗೆದಾಗ ಒಳಗಿನಿಂದ ಕೆಂಪನೆಯ ಸಾಗುವಾನಿ ಬಂತು. ನೆಲದ ಕಲ್ಲುಗಳನ್ನು ಎಬ್ಬಿಸಿ ಅದದೇ ಜಾಗಕ್ಕೆ ಕೂಡಿಸಿದರು. ಗೋಡೆಗೆ ಸುಣ್ಣ ಬಂತು. ದಾನಮ್ಮ ಮಾತ್ರ ಇಡೀ ದಿನ ಕೆಲಸಗಾರರ ನಡುವೆ ಓಡಾಡುತ್ತ, ಆ ಕಲ್ಲು ಒಡೆದೀತು, ಈ ಕಂಬ ಜಾರೀತು ಎಂದು ಎಲ್ಲರ ತಲೆ ತಿಂದಳು. ಬಡಗಿ ಲಾಲ್ ಅಹ್ಮದ್ ಒಂದು ದಿನ ಉಳಿ ಕೆಳಗಿಟ್ಟು, "ಅಕ್ಕಾ, ನೀವು ನಿಂತ ನೋಡಿದ್ರ ಕೈ ನಡಗ್ತದ. ಜರಾ ಹೊರಗ ಕುಂದ್ರಿ" ಎಂದು ಕೈ ಮುಗಿದ.

ಕೊನೆಗೆ ಮಾಳಿಗೆಯ ಸರದಿ. ಹೋಟೆಲ್ ಮತ್ತೆ ತೆರೆಯುವ ಮೊದಲು ಅವಳೇ ಆಳು ಹಚ್ಚಿ ಮಣ್ಣು ಏರಿಸಿದಳು. ಇಷ್ಟೆಲ್ಲ ಖರ್ಚು ಮಾಡಿ ಎಲ್ಲಾದರೂ ಸೋರಿದರೆ ಎಂಬ ಹೆದರಿಕೆಯಿಂದ ಈ ಸಲ ಒಂದರ ಬದಲು ಎರಡು ವರ್ಷದ ಮಣ್ಣನ್ನು ಒಮ್ಮೆಗೇ ಹಾಕಿಸಿದಳು. ಸಿದ್ದಲಿಂಗೇಶ ಕೆಳಗಿನಿಂದ ತೊಲೆಗಳನ್ನು ತಟ್ಟಿ ನೋಡಿದ್ದ, ಕಣ್ಣಿಗೆ ಕಾಣುವಷ್ಟು ತೊಲೆ ಗಟ್ಟಿಯಾಗಿತ್ತು. ಹಳೆಯ ಪದ್ಧತಿ ಎಂದು ಮಣ್ಣು ಬಡಿಯುವುದರ ಫೋಟೋ ಕೂಡ ಮೊಬೈಲಿನಲ್ಲಿ ತೆಗೆದುಕೊಂಡ.

ಕೋರ್ಟು ತೆರೆದ ದಿನವೇ ಹೋಟೆಲಿನ ಪೂಜೆ. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಂದವರಿಗೆಲ್ಲ ಆ ಮಧ್ಯಾಹ್ನ ಪುಗಸಟ್ಟೆ ಊಟ ಎಂದು ಹೇಳಿದ್ದರಿಂದ ಕೇಸು ಇಲ್ಲದವರೂ ಕೋರ್ಟಿಗೆ ಬಂದಿದ್ದರು. ಸೆಖೆ ವಿಪರೀತವಾಗಿತ್ತು, ಮುಗಿಲು ಒಂದು ಕಡೆಯಿಂದ ಕಪ್ಪಾಗುತ್ತಿತ್ತು. ಪಡಸಾಲೆ ತುಂಬಿ, ಮೊದಲ ಪಂಕ್ತಿ ಅರ್ಧ ಊಟಕ್ಕೆ ಬಂದಿತ್ತು. ನಾನು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಅಡುಗೆಮನೆಗೆ ಹೋಗುವ ಬಾಗಿಲ ಬಳಿ ದಾನಮ್ಮ ನಿಂತಿದ್ದಳು. ಹೊಗೆ ಒಳಗೆ ಬರುತ್ತಿದೆಯೆಂದು ಬಾಗಿಲು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಇದು ಹೊಸದೇನಲ್ಲ. ಮಳೆಗಾಲದಲ್ಲಿ ಆ ಬಾಗಿಲು ಉಬ್ಬುತ್ತದೆ, ಲಾಲ್ ಅಹ್ಮದ್ ಬಂದು ಮೇಲಿನ ಅಂಚನ್ನು ಹೆರೆದು ಹೋಗುತ್ತಾನೆ. ಪ್ರತಿ ವರ್ಷದ ಮಾತು. ಈ ಸಲ ರಿಪೇರಿಯಲ್ಲೂ ಹೆರೆದಿದ್ದ.

"ಮತ್ತ ಹಿಡೀತೇನು? ಮಳಿನೇ ಬಂದಿಲ್ಲ, ಹ್ಯಾಂಗ ಉಬ್ಬತದ?" ಎಂದು ಲಾಲ್ ಅಹ್ಮದ್ ಕೂತಲ್ಲಿಂದಲೇ ಕೇಳಿದ. ಅವನು ಸುಮ್ಮನೆ ಆಡಿದ ಮಾತು. ಮತ್ತೆ ಹೋಳಿಗೆ ಮುರಿಯತೊಡಗಿದ.

ದಾನಮ್ಮ ಬಾಗಿಲನ್ನು ಬಿಟ್ಟು ಮೇಲಿನ ಚೌಕಟ್ಟನ್ನು ನೋಡಿದಳು. ಅಲ್ಲಿಂದ ಅದರ ಮೇಲೆ ಗೋಡೆಯೊಳಗೆ ಹೊಕ್ಕ ತೊಲೆಯನ್ನು, ಅಲ್ಲಿಂದ ಜಂತಿಗಳನ್ನು. ಒಣ ಬೇಸಿಗೆಯಲ್ಲಿ ಬಾಗಿಲು ಉಬ್ಬುವುದಿಲ್ಲ. ಹಾಗಿದ್ದರೆ ಮೇಲಿನದೇ ಕೆಳಗೆ ಬಂದಿದೆ. ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತಿದ್ದುದು ನೀರು ಕುಡಿದ ಮರದಿಂದಲ್ಲ, ನೀರು ಕುಡಿದ ಮಣ್ಣಿನ ಭಾರದಿಂದ. ವರ್ಷಕ್ಕೊಮ್ಮೆ ಇವರು ಬಾಗಿಲು ಹೆರೆಯುತ್ತ ಬಂದಿದ್ದಾರೆ, ವರ್ಷಕ್ಕೊಮ್ಮೆ ಮೇಲೆ ಮಣ್ಣು ಹೇರುತ್ತ ಬಂದಿದ್ದಾರೆ. ಇದನ್ನೆಲ್ಲ ಅವಳು ಆಮೇಲೆ ನನಗೆ ಹೇಳಿದ್ದು. ಆಗ ನಾನು ಕಂಡದ್ದು ಅವಳ ಮುಖ ಸುಣ್ಣ ಬಳಿದ ಗೋಡೆಗಿಂತ ಬೆಳ್ಳಗಾಗಿದ್ದು ಮಾತ್ರ.

"ಎಲ್ಲಾರೂ ಏಳ್ರಿ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಉಣ್ಣುವವರನ್ನು ಎಬ್ಬಿಸುವುದೆಂದರೆ ನಮ್ಮಲ್ಲಿ ಸಾಮಾನ್ಯ ಮಾತಲ್ಲ. ಬಡ್ಡಿ ವಸೂಲಿಗೆ ಬಂದವನೂ ತಾಟಿನ ಮುಂದೆ ಕೂತವನನ್ನು ಏಳು ಅನ್ನುವುದಿಲ್ಲ. ಅದರಲ್ಲೂ ದಾನಮ್ಮನ ಮನೆತನದಲ್ಲಿ ಅನ್ನವೆಂದರೆ ಪ್ರಸಾದ.

"ಕೈ ಮುಗೀತೀನಿ, ತಾಟ ತೊಗೊಂಡ ಹೊರಗ ನಡೀರಿ. ಮಾಳಿಗಿ ಕೆಳಗ ಬರ್ಲಾಕತ್ತದ."

ಎಲ್ಲರೂ ತಲೆಯೆತ್ತಿ ನೋಡಿದರು. ಮಾಳಿಗೆ ಇದ್ದಲ್ಲೇ ಇತ್ತು. ಸಿದ್ದಲಿಂಗೇಶ ಓಡಿ ಬಂದು ಅವಳ ಕೈ ಹಿಡಿದ. "ಅತ್ತಿ, ನಾ ತಟ್ಟಿ ನೋಡೀನಿ. ತೊಲಿ ಮಜಬೂತ ಅದ. ಮಂದಿ ಮುಂದ ಹಿಂಗ ಅಂದ್ರ ನಾಳಿಂದ ಯಾರೂ ಒಳಗ ಕಾಲಿಡಲ್ಲ."

ಅವನು ಹೇಳಿದ್ದೂ ನಿಜವೇ. ಹೋಟೆಲಿನ ಒಡತಿಯೇ ಮಾಳಿಗೆ ಬೀಳುತ್ತದೆಂದರೆ ಆ ಹೋಟೆಲಿನ ಕಥೆ ಮುಗಿದಂತೆ. ಅವಳು ಕೈ ಬಿಡಿಸಿಕೊಂಡು ತಾನೇ ಒಂದೊಂದು ತಾಟನ್ನು ಎತ್ತಿ ಕೊಡತೊಡಗಿದಳು. ಜನ ಗೊಣಗುತ್ತ ಎದ್ದರು. ಚಿಂತಿ ದಾನಮ್ಮನಿಗೆ ಕೊನೆಗೂ ತಲೆ ಕೆಟ್ಟಿತು ಎಂದು ಯಾರೋ ಅಂದರು, ನನಗೂ ಹಾಗೇ ಅನ್ನಿಸಿತು. ಆದರೂ ತಾಟು ಹಿಡಿದು ಹೊರಬಿದ್ದೆ, ತುಪ್ಪ ಚೆಲ್ಲದಂತೆ.

ಒಬ್ಬರು ಮಾತ್ರ ಏಳಲಿಲ್ಲ. ದಂಡೋತಿಯ ದೇವೀಂದ್ರಪ್ಪ. ಹೊಲದ ಬದುವಿನ ದಾವೆಗಾಗಿ ಹರೆಯದಿಂದ ಕೋರ್ಟಿಗೆ ಅಲೆದು ಮುದುಕರಾದವರು, ಅಷ್ಟೂ ವರ್ಷ ಇಲ್ಲೇ ಉಂಡವರು.

"ತಾಟಿನ್ಯಾಗಿನ ಪ್ರಸಾದ ಅರ್ಧ ಬಿಟ್ಟ ಏಳಂಗಿಲ್ಲ ತಾಯಿ. ತಾಟ ಹಿಡಕೊಂಡ ಬೀದ್ಯಾಗ ನಿಂತೂ ಉಣ್ಣಂಗಿಲ್ಲ. ನೀ ಹೋಗು" ಎಂದರು ಅವರು.

 ದಾನಮ್ಮ ಅವರ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು. ನಾವೆಲ್ಲ ಬೀದಿಯಲ್ಲಿ ನಿಂತು ಬಾಗಿಲಿನಿಂದ ನೋಡುತ್ತಿದ್ದೆವು. ಅಷ್ಟರಲ್ಲಿ ಹನಿ ಬೀಳತೊಡಗಿತು, ಮೊದಲು ಬಿಡಿಬಿಡಿಯಾಗಿ, ಆಮೇಲೆ ಜೋರಾಗಿ. ಮೇಲಿನ ಒಣಮಣ್ಣು ನೀರು ಕುಡಿಯುತ್ತಿತ್ತು. ದೇವೀಂದ್ರಪ್ಪನವರು ನಿಧಾನವಾಗಿ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಡುತ್ತಿದ್ದರು. ಹಲ್ಲಿಲ್ಲದ ಬಾಯಿ, ಒಂದು ತುತ್ತಿಗೆ ಒಂದು ಯುಗ.  ದಾನಮ್ಮ ಹೋಳಿಗೆ ತಟ್ಟೆಯನ್ನು ಅವರ ಮುಂದೆ ಸರಿಸಿದಳು.

"ಸಾವಕಾಶ ಉಣ್ರಿ" ಎಂದಳು. "ಗಡಬಡ ಮಾಡಬ್ಯಾಡ್ರಿ."

ಸಿದ್ದಲಿಂಗೇಶ ಒಳಗೆ ಹೋಗಲು ಎರಡು ಸಲ ಹೊರಟ, ಅವಳು ಕಣ್ಣಿನಲ್ಲೇ ಬೇಡವೆಂದಳು. ಊಟ ಮುಗಿಯಿತು ಎಂದು ನಾನು ಉಸಿರು ಬಿಟ್ಟರೆ ಮುದುಕರು ತಾಟಿಗೆ ನೀರು ಸುರಿದುಕೊಂಡು, ಬೆರಳಿನಿಂದ ಅಂಚನ್ನೆಲ್ಲ ಸುತ್ತ ತೊಳೆದು, ಆ ನೀರನ್ನು ಎತ್ತಿ ಕುಡಿದರು. ಪ್ರಸಾದದ ಒಂದು ಅಗುಳೂ ಚೆಲ್ಲಬಾರದೆಂಬುದು ಹಿರಿಯರ ನಿಯಮ. ಹಿಂದೆಯೂ ಎಷ್ಟೋ ಸಲ ಅವರು ಹಾಗೆ ಮಾಡುವುದನ್ನು ನೋಡಿ ಕೈ ಮುಗಿಯಬೇಕು ಅನ್ನಿಸಿತ್ತು. ಆ ದಿನ ಮಾತ್ರ ಓಡಿ ಹೋಗಿ ತಾಟು ಕಸಿಯಬೇಕು ಅನ್ನಿಸಿತು. ಅವರು ಹಣೆಯ ವಿಭೂತಿ ಮುಟ್ಟಿಕೊಂಡು ಏಳಲು ಕೈ ಚಾಚಿದರು. ದಾನಮ್ಮ ಕೈ ಕೊಟ್ಟು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದಳು.

ಮಾಳಿಗೆ ಬೀಳಲಿಲ್ಲ.

ಮಳೆ ಸ್ವಲ್ಪ ಹೊತ್ತು ಹೊಯ್ದು ನಿಂತಿತು. ಕೋರ್ಟಿನ ವರಾಂಡದಲ್ಲಿ ಒದ್ದೆಯಾಗಿ ನಿಂತ ಜನ ಹೋಟೆಲಿನ ಕಡೆಗೊಮ್ಮೆ, ದಾನಮ್ಮನ ಕಡೆಗೊಮ್ಮೆ ನೋಡಿ ಚದುರಿದರು. ಕೆಲವರು ನಕ್ಕರು. ಸಿದ್ದಲಿಂಗೇಶನ ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು.

"ನೋಡಿದಿ ಅತ್ತಿ, ಏನೂ ಆಗಲಿಲ್ಲ. ಎಲ್ಲಾ ನೀನ ಕೆಡಿಸಿದಿ."

"ಆಗೋತನಕ ಕಾಯಬೇಕಾಗಿತ್ತೇನು?" ಎಂದಳು ದಾನಮ್ಮ. ಆಮೇಲೆ ಯಾರ ಮುಖವನ್ನೂ ನೋಡದೆ, "ನಾಳಿ ಆಳ ಕರಸು. ಮಣ್ಣ ಇಳಸೋಣು" ಎಂದಳು.

ಅವನಿಗೆ ಆ ಮಾತನ್ನು ನಂಬಲಾಗಲಿಲ್ಲ. ನನಗೂ ಆಗಲಿಲ್ಲ. ಸಿಲಿಂಡರಿನ ವಾಸನೆ ಬಂದಂತೆನ್ನಿಸಿದರೆ ಬೀದಿಗೆ ಓಡುವ ಹೆಂಗಸು ಮಾಳಿಗೆಯ ಕೆಳಗೆ ಕೂತಿದ್ದನ್ನು ಆಗಲೇ ನೋಡಿದ್ದೆ. ಅತ್ತೆಯ ಮಾತು ಮೀರುವುದು ಅವಳಿಗೆ ಅದಕ್ಕಿಂತ ಕಠಿಣ ಎಂಬುದೂ ಗೊತ್ತಿತ್ತು.

ಬೆಳಿಗ್ಗೆ ಆಳುಗಳು ಬಂದು ಮೇಲೆ ಹತ್ತಿದರೂ ಸಲಿಕೆ ಹಾಕಲಿಲ್ಲ. ಅವರೂ ಮಾಳಿಗೆ ಮನೆಯವರೇ, ಬದುಕಿರುವ ಮನೆಯ ಮಣ್ಣು ಇಳಿಸುವುದೆಂದರೆ ಕೈ ಹಿಂದೆ ಸರಿಯುತ್ತದೆ. ದಾನಮ್ಮ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಮೇಲೆ ನಿಂತು, "ಅತ್ತೀ, ತಪ್ಪಾದ್ರ ನನಗ ಬಡೀಲಿ" ಎಂದು ಸತ್ತ ಅತ್ತೆಗೆ ಹೇಳಿ, ಮೊದಲ ಬುಟ್ಟಿಯನ್ನು ತಾನೇ ತುಂಬಿ ಕೆಳಗೆ ಸುರಿದಳು. ಅಳುತ್ತಲೇ ಎರಡನೆಯದನ್ನೂ ಸುರಿದಳು. ಆಮೇಲೆ ಆಳುಗಳು ಕೈ ಹಚ್ಚಿದರು. ನಾನೂ ಏಣಿ ಹತ್ತಿ ನೋಡುತ್ತ ನಿಂತೆ.

ತೆಗೆದಷ್ಟೂ ಮಣ್ಣು. ಬೂದು ಪದರ, ಅದರ ಕೆಳಗೆ ಬಿಳಿ ಪದರ, ಮತ್ತೆ ಬೂದು. ನಮ್ಮ ಮೊಣಕಾಲಿಗೆ ಬರುತ್ತಿದ್ದ ಮಾಳಿಗೆಯ ಅಂಚಿನ ಗೋಡೆ ಸಂಜೆಯ ಹೊತ್ತಿಗೆ ಎದೆಯವರೆಗೆ ಬಂತು. ಮಳೆನೀರು ಹೋಗಲೆಂದು ಮಾಡಿದ್ದ ಕಲ್ಲಿನ ಹರನಾಳಿಗೆಗಳು ಒಂದರ ಕೆಳಗೊಂದು ಹೂತುಹೋಗಿದ್ದವು. ಮಣ್ಣು ಏರಿದಂತೆಲ್ಲ ಯಾರೋ ಹಿರಿಯರು ಅವನ್ನೂ ಮೇಲಕ್ಕೆ ಏರಿಸುತ್ತ ಹೋಗಿದ್ದರು. ಅತಿಯಾದರೆ ಅಮೃತವೂ ವಿಷ ಎನ್ನುವುದು ಎಲ್ಲರಿಗೂ ಗೊತ್ತು, ಮಣ್ಣಿಗೂ ಅದು ಅನ್ವಯಿಸುತ್ತದೆಂದು ಯಾರೂ ಯೋಚಿಸಿರಲಿಲ್ಲ.

ಹಾಸುಗಲ್ಲು ಎತ್ತಿ ತೊಲೆಯ ತುದಿ ನೋಡಿದರು. ಕೆಳಗಿನಿಂದ ಕಾಣುವಷ್ಟು ಮರ ಕಬ್ಬಿಣದ ಹಾಗಿತ್ತು. ಗೋಡೆಯೊಳಗೆ ಹೊಕ್ಕ ಭಾಗ ವರ್ಷಗಳ ತೇವಕ್ಕೆ ಕೊಳೆತಿತ್ತು. ಸಿದ್ದಲಿಂಗೇಶ ಕೈ ಹಾಕಿದ, ಶೇಂಗಾ ಹಿಂಡಿಯಂತೆ ಪುಡಿ ಬಂತು. ಮೊಣಕೈವರೆಗೆ ಕೈ ಹೋಯಿತು. ಅವನು ಅಲ್ಲೇ ಕಲ್ಲಿನ ಮೇಲೆ ಕೂತ.  ಇನ್ನೊಂದು ದೊಡ್ಡ ಮಳೆಗೆ ನಿಲ್ಲುತ್ತಿರಲಿಲ್ಲ ಎಂದ.

ಈಗಾದರೂ ದಾನಮ್ಮನಿಗೆ ಸಮಾಧಾನವಾದೀತು, ತನ್ನ ಮಾತು ನಿಜವಾಯಿತಲ್ಲ ಎಂದು ನಾನು ತಿಳಿದೆ. ಅವಳು ಆ ತುದಿಯ ಪಕ್ಕದ ಸಂದಿನಿಂದ ಕೆಳಗೆ ಪಡಸಾಲೆಯನ್ನು ನೋಡುತ್ತಿದ್ದಳು.

"ಸಾಹೇಬ್ರ, ಇದರ ಬುಡಕ ಯಾವ ಬೆಂಚ ಅದ ನೋಡ್ರಿ" ಎಂದಳು.

ನಾನು ಬಗ್ಗಿ ನೋಡಿದೆ. ಅಡುಗೆಮನೆಯ ಬಾಗಿಲ ಪಕ್ಕ ಗೋಡೆಗೆ ಆನಿಸಿ ಹಾಕಿದ ಗಿಡ್ಡ ಬೆಂಚು. ಕೋರ್ಟಿಗೆ ಬಂದ ಬಾಣಂತಿಯರು, ಕಂಕುಳಲ್ಲಿ ಕೂಸು ಇರುವ ಹೆಣ್ಣುಮಕ್ಕಳು ಕೂರುವ ಜಾಗ. ಬೇರೆ ಯಾರಾದರೂ ಕೂತರೆ ದಾನಮ್ಮ ಎಬ್ಬಿಸಿ ಕಳಿಸುತ್ತಿದ್ದಳು.

"ಇಲ್ಲೇ ಮಣ್ಣ ಭಾಳ ಇತ್ತು. ಅದಕ್ಕ ಇಲ್ಲೇ ಭಾಳ ತಂಪ ಇತ್ತು" ಎಂದಳು. "ಕೂಸಗೋಳು ಅಳಬಾರದಂತ ನಾನ ಕರದ ಕರದ ಕೂಡ್ರಸ್ತಿದ್ದೆ."

ಹೇಳಿ ಮುಗಿಸಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಳು. 

ಸೇಡಂನಲ್ಲಿ ಕೆಡವಿದ ಹಳೆಯ ವಾಡೆಯೊಂದರಿಂದ ಸಾಗುವಾನಿ ತೊಲೆ ತಂದು ಹಾಕಿದರು. ಅವೇ ಕಲ್ಲುಗಳನ್ನು ಮತ್ತೆ ಹಾಸಿ, ಮೇಲೆ ಮಣ್ಣಿನ ಬದಲು ತೆಳ್ಳಗೆ ಸುಣ್ಣದ ಗಚ್ಚು ಹೊಡೆದರು. ಕೆಳಗೆ ನಿಂತು ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ತಂಪು ಸ್ವಲ್ಪ ಕಡಿಮೆಯಾಗಿದೆ, ಅಂದು ನಕ್ಕವರೇ ಈಗ ಬೀಸಣಿಗೆ ಬೇಕು ಎಂದು ಗೊಣಗುತ್ತ ಉಣ್ಣುತ್ತಾರೆ. ದೇವೀಂದ್ರಪ್ಪನವರ ದಾವೆಗೆ ಇನ್ನೊಂದು ತಾರೀಖು ಬಿದ್ದಿದೆ.

ಗಿಡ್ಡ ಬೆಂಚು ಅದೇ ಜಾಗದಲ್ಲಿದೆ. ಹೊಸ ತೊಲೆ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಿರುತ್ತದೆ ಎಂದು ಸಿದ್ದಲಿಂಗೇಶ ಎಷ್ಟು ಸಲ ಹೇಳಿದರೂ ದಾನಮ್ಮ ಅಲ್ಲಿ ಯಾವ ತಾಯಿಯನ್ನೂ ಕೂಡಿಸುವುದಿಲ್ಲ, ಕೂತವರನ್ನು ಬೇರೆ ಕಡೆ ಕಳಿಸುತ್ತಾಳೆ. ಎಲ್ಲರ ಊಟ ಮುಗಿದ ಮೇಲೆ ತನ್ನ ತಾಟು ಹಿಡಿದುಕೊಂಡು ಹೋಗಿ ತಾನು ಅಲ್ಲಿ ಕೂತು ಉಣ್ಣುತ್ತಾಳೆ.